ನಮ್ಮ ಮೊಣಕಾಲು

ಫೆಬ್ರವರಿ 9, ಭಾನುವಾರ

ಸೋತೆವು. ನಮ್ಮ ಮೊಣಕಾಲು ಮತ್ತೆ ಊದಿಕೊಂಡಿದೆ.

ನಿನ್ನೆ ಫುಟ್‌ಬಾಲ್ ಆಟ ಮುಗಿದ ಮೇಲೆ ಕ್ರೀಡಾಂಗಣದ ಹಿಂಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ತಮ್ಮನಿಗಾಗಿ ಕಾದೆ. ಒಂದು ಕಾಲದಲ್ಲಿ ಆ ಬಾಗಿಲ ಮುಂದೆ ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ ಇರುತ್ತಿದ್ದರು. ಪೊಲೀಸರು ಬಂದು ದಾರಿ ಬಿಡಿಸಬೇಕಿತ್ತು. ನಿನ್ನೆ ಇದ್ದವರು ಬೆರಳೆಣಿಕೆಯಷ್ಟು. ಒಬ್ಬ ಫೋಟೋ ತೆಗೆಸಿಕೊಂಡ. ಇನ್ನೊಬ್ಬ ಗೇಟಿನಾಚೆ ಕೈಗೆ ಸಿಗದಷ್ಟು ದೂರದಲ್ಲಿ ನಿಂತು, "ಮುದಿ ಗೂಳೀ, ಕೊಟ್ಟಿಗೆ ಸೇರ್ಕೋ!" ಎಂದು ಕೂಗಿದ. ಗೂಳಿ ಎಂಬುದು ಈ ಊರೇ ತಮ್ಮನಿಗೆ ಇಟ್ಟ ಹೆಸರು. ತಲೆ ತಗ್ಗಿಸಿಕೊಂಡು ಚೆಂಡಿನ ಹಿಂದೆ ನುಗ್ಗುವ ಅವನ ಓಟ ನೋಡಿ ಇಟ್ಟಿದ್ದು. ಇಷ್ಟು ವರ್ಷ ಅದನ್ನು ಹಾಡಿನ ಹಾಗೆ ಕೂಗಿದರು. ಮುಂದೊಂದು ಪದ ಅಂಟಿಸುವುದಕ್ಕೆ ಎಷ್ಟು ಹೊತ್ತು?

ತಮ್ಮ ಏನೂ ಕೇಳಿಸದವನಂತೆ ಕಾರು ಹತ್ತಿದ. ಹತ್ತಿದ ಅನ್ನುವುದು ದೊಡ್ಡ ಮಾತು. ಮೊದಲು ಕೂತ. ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ, ಯಾರದೋ ಸಾಮಾನು ಇಡುವ ಹಾಗೆ ಒಳಗಿಟ್ಟ.

"ಹೇಗಿದೆ?" ಅಂದೆ.

"ಇದೆ," ಅಂದ.

ಮನೆ ಮುಟ್ಟುವವರೆಗೆ ಇಷ್ಟೇ ಮಾತು. ಅವನನ್ನು ಮೇಲಿನ ಮನೆಗೆ ಹತ್ತಿಸಿ, ಐಸ್ ಚೀಲ ಕಟ್ಟಿ, ನಾನು ನನ್ನ ಕೆಳಗಿನ ಮನೆಗೆ ಇಳಿದು ಬಂದೆ. ಅವನ ಹೆಂಡತಿ ಡಾಕ್ಟರಮ್ಮ (ಹಲ್ಲಿನ ಡಾಕ್ಟರು, ಆದರೂ ಡಾಕ್ಟರೇ ತಾನೆ) ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಳು.

ಈ ಸಲ ನನ್ನ ಪಾಡಿಗೆ ನಾನು ಬರೆದುಕೊಳ್ಳೋಣ ಅನ್ನಿಸಿದೆ. ದಿನವಿಡೀ ಪತ್ರಿಕೆಯವರಿಗೆ ಫೋನಿನಲ್ಲಿ, ಕಾಲು ಚೆನ್ನಾಗಿದೆ, ಗೂಳಿ ಗಟ್ಟಿಮುಟ್ಟಾಗಿದ್ದಾನೆ ಎಂದು ಹೇಳುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಹೇಳಬೇಕಲ್ಲ.

ಫೆಬ್ರವರಿ 11, ಮಂಗಳವಾರ

ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆವು. ದೀಪದ ಹಲಗೆಗೆ ಎಕ್ಸ್-ರೇ ಸಿಕ್ಕಿಸಿ ಅವರು ನೋಡಿದರು.

"ನಮಗೆ ಈ ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಜಾಸ್ತಿ ನೋಯುತ್ತೆ ಡಾಕ್ಟ್ರೇ. ಬೆಳಗ್ಗೆ ಎದ್ದ ತಕ್ಷಣ ಮಡಚೋಕೆ ಆಗಲ್ಲ," ಅಂದೆ.

ಅವರು ಕನ್ನಡಕ ಇಳಿಸಿ ನನ್ನ ಕಾಲು ನೋಡಿದರು. "ಯಾರ ಮೊಣಕಾಲಮ್ಮಾ?"

ತಮ್ಮ ಎಷ್ಟೋ ದಿನದ ಮೇಲೆ ನಕ್ಕ. ನನಗೆ ನಗು ಬರಲಿಲ್ಲ. ಹದಿನೇಳರ ಹುಡುಗನಿಂದ ಹಿಡಿದು ಇವತ್ತಿನವರೆಗೆ ಈ ಕಾಲಿಗೆ ಪಟ್ಟಿ ಕಟ್ಟಿದವಳು ನಾನು. ಯಾವ ಹವಾಮಾನಕ್ಕೆ ಎಲ್ಲಿ ಹಿಡಿಯುತ್ತದೆ ಎಂದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತು.

ಒಳಗಿನ ಮೆತ್ತೆ ಸವೆದುಹೋಗಿದೆಯಂತೆ. ಮೂಳೆಗೆ ಮೂಳೆ ತಿಕ್ಕುತ್ತಿದೆಯಂತೆ. "ಆಪರೇಷನ್ ಮಾಡಿಸಿ, ಆಟ ಬಿಟ್ಟರೆ ಆರಾಮಾಗಿ ನಡೆದಾಡಿಕೊಂಡು ಇರಬಹುದು. ಇಂಜೆಕ್ಷನ್ ತಗೊಂಡು ಆಡ್ತಾ ಹೋದರೆ ನಾನು ಯಾವ ಮಾತೂ ಕೊಡಲ್ಲ," ಎಂದರು.

ತಮ್ಮ ನನ್ನ ಮುಖ ನೋಡಿದ.

"ಸೀಸನ್ ಮುಗಿಯುವ ತನಕ ತಳ್ಳಬಹುದಾ?" ಎಂದು ಕೇಳಿದವಳು ನಾನು.

"ತಳ್ಳೋಕೆ ಇದು ಕೆಟ್ಟ ಕಾರಲ್ಲ," ಎಂದರು ಡಾಕ್ಟರು. ಆದರೂ ಇಂಜೆಕ್ಷನ್ ಬರೆದುಕೊಟ್ಟರು.

ಫೆಬ್ರವರಿ 24, ಸೋಮವಾರ

ಡ್ರಾ. ಅರ್ಧ ಆಟಕ್ಕೆ ಅವನನ್ನು ಕೂರಿಸಿದರು. ಮಾತಿಲ್ಲ, ಕಥೆಯಿಲ್ಲ. ಪಟ್ಟಿಯ ತಳದಲ್ಲಿ ನಮ್ಮ ಕೆಳಗೆ ಇನ್ನು ಒಂದೇ ತಂಡ ಉಳಿದಿದೆ.

ಮಾರ್ಚ್ 9, ಭಾನುವಾರ

ಗೆದ್ದೆವು! ಗೋಲು ನಮ್ಮದೇ!

ನಿನ್ನೆ ಆಟದ ಮೊದಲರ್ಧದಲ್ಲಿ ಎದುರು ತಂಡದ ರಕ್ಷಕನೊಬ್ಬ ಹಿಂದಿನಿಂದ ಬಂದು ತಮ್ಮನ ಕಾಲಿಗೆ ಹೊಡೆದು ಉರುಳಿಸಿದ. ತಮ್ಮ ಹುಲ್ಲಿನ ಮೇಲೆ ಬೋರಲು ಬಿದ್ದವನು ಏಳಲೇ ಇಲ್ಲ. ಆಮೇಲೆ ಅವನು ನಿಧಾನಕ್ಕೆ ತಲೆ ತಿರುಗಿಸಿ, ಮನೆಯವರು ಕೂರುವ ಕಡೆ ನೋಡಿದ. ನಾನು ಎದ್ದು ನಿಂತು ಮುಷ್ಟಿ ಎತ್ತಿದೆ. ಅವನು ಎದ್ದ.

ಇದು ನಮ್ಮಿಬ್ಬರದೇ ಭಾಷೆ. ಗಲ್ಲಿಯಲ್ಲಿ ಗೋದಾಮಿನ ಕಬ್ಬಿಣದ ಬಾಗಿಲೇ ಗೋಲಾಗಿದ್ದ ಕಾಲದಿಂದ ಇದೆ. ಗೋಲ್‌ಕೀಪರ್ ನಾನು. ಅವನು ಮೊಳಕೈ ತರಚಿಕೊಂಡು ಅಳುತ್ತ ಕೂತರೆ, ಅಲ್ಲಿಂದಲೇ ಮುಷ್ಟಿ ತೋರಿಸುತ್ತಿದ್ದೆ: ಏಳು. ಅಮ್ಮ ತೀರಿಕೊಂಡ ವರ್ಷವೇ ದೊಡ್ಡ ತಂಡದವರು ಅವನನ್ನು ಆರಿಸಿದರು. ಆಗ ನಾನು ವಿಮೆ ಕಚೇರಿಯಲ್ಲಿ ಟೈಪಿಸ್ಟ್. ಅವನ ಊಟ, ಬಟ್ಟೆ, ಪ್ರಯಾಣ ನೋಡಿಕೊಳ್ಳುವವರು ಯಾರು? ಕೆಲಸ ಬಿಟ್ಟೆ. ನನಗೊಂದು ಮದುವೆಯೂ ಆಗಿತ್ತು. ಆಟದ ದಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಆ ಮಹಾನುಭಾವರು ಹೊರಟುಹೋದರು. ಅವರು ಹೋದದ್ದು ನನಗೆ ಗೊತ್ತಾಗಿದ್ದೇ ಸೀಸನ್ ಮುಗಿದ ಮೇಲೆ ಎಂದು ತಮ್ಮ ಈಗಲೂ ತಮಾಷೆ ಮಾಡುತ್ತಾನೆ.

ದೇಶದ ಪರವಾಗಿ ಕಪ್ ಗೆದ್ದ ಆಟದಲ್ಲೂ ಹೀಗೇ ಆಗಿತ್ತು. ಹುಬ್ಬು ಒಡೆದು ರಕ್ತ ಸುರಿಯುತ್ತಿತ್ತು. ನನ್ನ ಮುಷ್ಟಿ ನೋಡಿ ಎದ್ದ, ಪಟ್ಟಿ ಸುತ್ತಿಸಿಕೊಂಡ, ಆ ತಲೆಯಿಂದಲೇ ಚೆಂಡನ್ನು ಬಲೆಗೆ ಹೊಡೆದ. ಆ ವರ್ಷ ಹುಟ್ಟಿದ ಎಷ್ಟು ಗಂಡುಮಕ್ಕಳಿಗೆ ಅವನ ಹೆಸರು ಇಟ್ಟರೋ! ರೈಲು ನಿಲ್ದಾಣದ ಎದುರಿನ ಗೋಡೆಯ ಮೇಲೆ ಅವನ ಚಿತ್ರ ಬರೆಸಿದರು, ಮೂರು ಅಂತಸ್ತಿನಷ್ಟು ಎತ್ತರಕ್ಕೆ, ತಲೆಗೆ ಪಟ್ಟಿ ಸಮೇತ. ಕ್ಷೌರದಂಗಡಿಗಳಲ್ಲಿ ಹುಡುಗರು ಅವನ ಹಾಗೇ ಕೂದಲು ಕತ್ತರಿಸು ಎಂದು ಕೂರುತ್ತಿದ್ದರು.

ನಿನ್ನೆ ಗೋಲು ಹೊಡೆದಾಗ ಅದೆಲ್ಲ ಮತ್ತೆ ಬಂದ ಹಾಗಾಯಿತು. ಮೇಲಿನ ಮನೆಯಲ್ಲಿ ಡಾಕ್ಟರಮ್ಮನೂ ನಕ್ಕಳು, ಪರವಾಗಿಲ್ಲ.

ಇವತ್ತು ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ಮೊಣಕಾಲು ಕುಂಬಳಕಾಯಿಯಾಗಿದೆ.

ಮಾರ್ಚ್ 19, ಬುಧವಾರ

ಡಾಕ್ಟರಮ್ಮ ಇವತ್ತು ಮಧ್ಯಾಹ್ನ ತನ್ನ ಕ್ಲಿನಿಕ್ಕಿನಿಂದ ನೇರ ನನ್ನ ಮನೆಗೇ ಬಂದಳು. ಬಿಳಿ ಕೋಟನ್ನೂ ತೆಗೆದಿರಲಿಲ್ಲ.

"ಅತ್ತಿಗೆ, ಇವರು ಆಟ ಬಿಡೋ ಹಾಗೆ ನೀವು ಹೇಳಬೇಕು."

"ಅವನು ಚಿಕ್ಕ ಮಗುವಾ? ಬಿಡಬೇಕು ಅನ್ನಿಸಿದ ದಿನ ಬಿಡ್ತಾನೆ."

"ನಾನು ಹೇಳಿದರೆ 'ಅಕ್ಕನ್ನ ಕೇಳ್ತೀನಿ' ಅಂತಾರೆ. ಆ ಡಾಕ್ಟ್ರು ಹೇಳಿದರೂ 'ಅಕ್ಕನ್ನ ಕೇಳ್ತೀನಿ.' ನೀವು ಮಾತ್ರ ಯಾರನ್ನೂ ಕೇಳಲ್ಲ."

"ಹಲ್ಲು ಕಿತ್ತ ಹಾಗಲ್ಲಮ್ಮ ಇದು. ಹದಿನೆಂಟು ವರ್ಷದ ಬದುಕು. ಕಿತ್ತು ಬಿಸಾಕೋಕೆ ಆಗುತ್ತಾ?"

"ಯಾರ ಬದುಕು, ಅತ್ತಿಗೆ?" ಅಂದಳು. ಮೆಲ್ಲಗೇ ಅಂದಳು.

ಉರಿದುಹೋದೆ. ಬಾಯಿಗೆ ಬಂದದ್ದು ಅಂದೆ. ಅವಳು ಬರುವ ಮೊದಲೇ ಅವನು ಹೆಸರುವಾಸಿಯಾಗಿದ್ದ ಎಂದೆ. ನಿನಗೆ ಸಿಕ್ಕಿದ್ದು ಬಡಿಸಿದ ಎಲೆ ಎಂದೆ. ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಗೆದ್ದೆ ಅಂದುಕೊಂಡೆ. ಆದರೆ ಊಟ ಸೇರಲಿಲ್ಲ.

ಏಪ್ರಿಲ್ 6, ಭಾನುವಾರ

ಸೋತೆವು.

ಏಪ್ರಿಲ್ 13, ಭಾನುವಾರ

ಸೋತೆವು. ಬರೆಯಲು ಮನಸ್ಸಿಲ್ಲ. ಯಾರೊಂದಿಗೂ ಮಾತಾಡಲು ಮನಸ್ಸಿಲ್ಲ. ಫೋನು ತೆಗೆದು, ಕಾಲು ಚೆನ್ನಾಗಿದೆ ಎಂದು ಹೇಳಿ, ಇಟ್ಟೆ.

ಏಪ್ರಿಲ್ 22, ಮಂಗಳವಾರ

ಇವತ್ತು ಒಂದು ವಿಷಯ ನಡೆಯಿತು. ದೊಡ್ಡದೇನಲ್ಲ.

ಶಾಲೆಗೆ ರಜೆಯಾದ್ದರಿಂದ ತಮ್ಮನ ಪುಟ್ಟ ಮಗಳು ಕೆಳಗೆ ನನ್ನ ಹತ್ತಿರ ಆಡಲು ಬರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೂಸು ಎರಡೂ ಕೈಯಲ್ಲಿ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಮೊದಲು ಬಲಗಾಲು ಇಳಿಸಿ, ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ಎಳೆದು, ನಿಂತು ಉಸಿರು ಬಿಟ್ಟು, ಮತ್ತೊಂದು ಮೆಟ್ಟಿಲು ಇಳಿಯಿತು. ಹುಬ್ಬನ್ನೂ ಗಂಟಿಕ್ಕಿಕೊಂಡಿತ್ತು. ನನಗೆ ನಗು ತಡೆಯಲಿಲ್ಲ.

"ಅಪ್ಪನ್ನ ಅಣಕಿಸ್ತೀಯೇನೇ ಕತ್ತೆ?"

ಅವಳಿಗೆ ಅರ್ಥವಾಗಲಿಲ್ಲ. "ಇಲ್ಲ ಅತ್ತೆ. ನೀನೀಗ ದೊಡ್ಡ ಹುಡುಗಿ ಅಂತ ಅಮ್ಮ ಹೇಳಿದ್ಲು. ದೊಡ್ಡೋರು ಹೀಗೇ ತಾನೇ ಇಳಿಯೋದು?"

ಅಷ್ಟೆ. ಎತ್ತಿಕೊಂಡು ಒಳಗೆ ಕರೆದುಕೊಂಡು ಬಂದೆ. ಬಿಸ್ಕತ್ತು ಕೊಟ್ಟೆ. ಮಕ್ಕಳು ಏನೇನೋ ಹೇಳುತ್ತವೆ.

ಕೋಚ್‌ಗೆ ಫೋನು ಮಾಡಬೇಕಿತ್ತು, ಮಾಡಲಿಲ್ಲ.

ಮೇ 9, ಶುಕ್ರವಾರ

ನಾಳೆ ಕೊನೆಯ ಆಟ. ಗೆದ್ದರೆ ಉಳಿಯುತ್ತೇವೆ. ಡ್ರಾ ಆದರೂ, ಸೋತರೂ ಕೆಳಗಿನ ದರ್ಜೆಗೆ ಇಳಿಯುತ್ತೇವೆ. ಈ ತಂಡ ಹುಟ್ಟಿದಾಗಿನಿಂದ ಹಾಗೆ ಇಳಿದಿಲ್ಲ.

ಬೆಳಿಗ್ಗೆ ಕೋಚ್ ಮೇಲಿನ ಮನೆಗೆ ಬಂದಿದ್ದರು. ಆ ಮನುಷ್ಯನೂ ಸೊರಗಿಹೋಗಿದ್ದಾರೆ, ಅಂಗಿಯ ಕಾಲರಿನೊಳಗೆ ಕುತ್ತಿಗೆ ಎಲ್ಲಿದೆ ಎಂದು ಹುಡುಕಬೇಕು.

"ಗೂಳಿ ಮೈದಾನದಲ್ಲಿ ನಿಂತಿದ್ರೂ ಸಾಕು, ಎದುರಿನವರು ಇಬ್ಬರನ್ನ ಅವನ ಕಾವಲಿಗೆ ಬಿಡ್ತಾರೆ," ಎಂದರು. "ಆದರೆ ಒಂದು ಮಾತು ಈಗಲೇ ಹೇಳಿಬಿಡ್ತೀನಿ. ನಾಳೆ ನಾನಾಗಿ ನಾನು ಅವನನ್ನ ಹೊರಗೆ ಕರೆಯಲ್ಲ. ಗೂಳೀನ ಹೊರಗೆ ಕರೆದು ಸೋತ ಕೋಚ್ ಅಂತ ಅನ್ನಿಸ್ಕೊಂಡು ಈ ಊರಲ್ಲಿ ಬದುಕೋಕಾಗಲ್ಲ. ನೋವು ತಡೆಯೋಕಾಗದಿದ್ರೆ ಅವನೇ ಕೈ ಎತ್ತಲಿ."

"ಅವನು ಎತ್ತಲ್ಲ," ಎಂದಳು ಡಾಕ್ಟರಮ್ಮ ಅಡುಗೆಮನೆಯಿಂದ.

ಅವನು ಎತ್ತುವುದಿಲ್ಲ ಎಂದು ನನಗೂ ಗೊತ್ತು. ಎತ್ತಬಾರದೆಂದು ಕಲಿಸಿದ್ದೇ ನಾನು. ಅದರಲ್ಲಿ ನನಗೆ ಹೆಮ್ಮೆಯೂ ಇದೆ.

ಮಧ್ಯಾಹ್ನ ಕ್ಲಬ್ಬಿನ ಡಾಕ್ಟರು ಬಂದು ಇಂಜೆಕ್ಷನ್ ಚುಚ್ಚಿದರು. ಸೂಜಿ ಒಳಗೆ ಹೋಗುವಾಗ ತಮ್ಮ ಕಿಟಕಿ ಕಡೆ ಮುಖ ಮಾಡಿದ್ದ. ನಾನು ಯಾವಾಗಲೂ ಅವನ ಪಾದ ಹಿಡಿದುಕೊಂಡಿರುತ್ತೇನೆ. ಇವತ್ತು ಅವನ ಹೆಂಡತಿ ಇನ್ನೊಂದು ಪಕ್ಕ ಕೂತು ಕೈ ಹಿಡಿದುಕೊಂಡಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮೇ 12, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ.

ಶನಿವಾರ ಕ್ರೀಡಾಂಗಣ ಭರ್ತಿಯಾಗಿತ್ತು. ನಾನು ನನ್ನ ಜಾಗದಲ್ಲೇ ಕೂತಿದ್ದೆ. ಡಾಕ್ಟರಮ್ಮ ಆಟ ನೋಡಲು ಬರುವವಳಲ್ಲ, ಅವತ್ತು ಬಂದಿದ್ದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

ಮೊದಲರ್ಧದಲ್ಲಿ ಎದುರು ತಂಡದವರು ಗೋಲು ಹೊಡೆದರು. ಎರಡನೇ ಅರ್ಧದಲ್ಲಿ ತಮ್ಮ ಮೂಲೆಯಿಂದ ಒದ್ದುಕೊಟ್ಟ ಚೆಂಡಿಗೆ ನಮ್ಮ ನಡು ಆಟಗಾರ ತಲೆ ಕೊಟ್ಟು ಸಮ ಮಾಡಿದ. ಜನ ಹುಚ್ಚೆದ್ದು ಕೂಗಿದರು. ಇನ್ನೊಂದು ಗೋಲು ಬೇಕಿತ್ತು. ಆ ಹೊತ್ತಿಗೆ, ಆಟಕ್ಕೆ ಮೊದಲು ಮತ್ತೆ ಚುಚ್ಚಿಸಿಕೊಂಡಿದ್ದ ಇಂಜೆಕ್ಷನ್ನಿನ ಮಾಯೆಯೂ ಇಳಿದಿತ್ತು. ಅವನು ಓಡುವುದನ್ನು ಬಿಟ್ಟು ನಡೆಯುತ್ತಿದ್ದ. ಆಮೇಲೆ ನಡೆಯುವುದನ್ನೂ ಬಿಟ್ಟು ನಿಲ್ಲುತ್ತಿದ್ದ. ಎದುರಿನವರು ಕಾವಲಿಗಿದ್ದ ಇಬ್ಬರಲ್ಲಿ ಒಬ್ಬನನ್ನು ಬೇರೆ ಕಡೆ ಕಳಿಸಿಬಿಟ್ಟರು. ಆಮೇಲೆ ಇನ್ನೊಬ್ಬನನ್ನೂ.

ಅವನ ಹತ್ತಿರ ಒಬ್ಬರೂ ಇರಲಿಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ, ಅಷ್ಟು ಜನರ ನಡುವೆ.

ಆಗ ಒಂದು ಒಳ್ಳೆಯ ಚೆಂಡು ಬಂತು. ಹತ್ತು ವರ್ಷದ ಹಿಂದೆ ಕಣ್ಣು ಮುಚ್ಚಿ ಹೊಡೆಯುತ್ತಿದ್ದಂಥದ್ದು. ಅವನು ತಿರುಗಿದ. ಮೊಣಕಾಲು ತಿರುಗಲಿಲ್ಲ. ಬಿದ್ದ. ಯಾರೂ ತಾಗಿರಲಿಲ್ಲ, ರೆಫರಿ ಆಟ ನಿಲ್ಲಿಸಲೂ ಇಲ್ಲ. ಚೆಂಡು ಅವನನ್ನು ಬಿಟ್ಟು ಆ ಕಡೆ ಹೋಯಿತು. ಎಲ್ಲರೂ ಅದರ ಹಿಂದೆ ಹೋದರು.

ಅವನು ಒಂದು ಕೈ ಊರಿ, ತಲೆ ತಿರುಗಿಸಿ, ನನ್ನ ಕಡೆ ನೋಡಿದ.

ಅವನು ನನ್ನತ್ತ ನೋಡುವುದು ಹೊಸದಲ್ಲ. ನಾನು ಎದ್ದೆ. ಕೈ ಎತ್ತಿದೆ. ಮುಷ್ಟಿ ಹಿಡಿಯಬೇಕಿತ್ತು. ಬೆರಳು ಮಡಚಲಿಲ್ಲ. ಕೈ ತಾನಾಗಿಯೇ ಅಂಗೈ ತೋರಿಸಿ, ಶಾಲೆ ಬಿಟ್ಟ ಮಗುವನ್ನು ಗೇಟಿನ ಹೊರಗಿನಿಂದ ಕರೆಯುವ ಹಾಗೆ, ಬಾ ಎಂದಿತು. ಬಾ, ಸಾಕು, ಬಾ. ಎರಡು ಮೂರು ಸಲ ಹಾಗೇ ಕರೆದೆನಂತೆ. ಡಾಕ್ಟರಮ್ಮ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಅವನು ನಂಬಲಾಗದವನಂತೆ ನೋಡುತ್ತಲೇ ಇದ್ದ. ಆಮೇಲೆ ಕೋಚ್ ಕಡೆ ತಿರುಗಿ ಕೈ ಎತ್ತಿದ. ತನ್ನ ತೋಳಿನ ಕ್ಯಾಪ್ಟನ್ ಪಟ್ಟಿ ಕಳಚಿ ಪಕ್ಕದವನಿಗೆ ಕೊಟ್ಟು, ಮೈದಾನದಂಚಿನ ಗೆರೆಯ ಕಡೆ ನಡೆದ. ಮೊದಲು ಜನಕ್ಕೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ ಶುರುವಾಯಿತು ನೋಡು, ಸಿಳ್ಳೆ, ಬೈಗುಳ, ಎಸೆದ ನೀರಿನ ಬಾಟಲಿಗಳು. ಅವನು ತಲೆ ತಗ್ಗಿಸಿಕೊಂಡು ನಡೆದ, ಆ ತಲೆ ತಗ್ಗಿಸುವುದನ್ನೇ ಅಲ್ಲವೇ ಅವರು ಇಷ್ಟು ವರ್ಷ ಹಾಡಿದ್ದು?

ಇನ್ನೊಂದು ಗೋಲು ಬರಲಿಲ್ಲ. ಕೆಳಗಿನ ದರ್ಜೆಗೆ ಇಳಿದೆವು.

ಕಾರಿನಲ್ಲಿ ಅವನು ಒಂದೇ ಮಾತು ಆಡಿದ. "ಇನ್ನೂ ಹತ್ತು ನಿಮಿಷ ಇತ್ತು, ಅಕ್ಕ."

ನಾನು ಕಾರನ್ನು ಮನೆಯ ಕಡೆ ತಿರುಗಿಸಿದೆ.

ಮೇ 15, ಗುರುವಾರ

ಪತ್ರಿಕೆಗಳನ್ನು ಮೇಲಕ್ಕೆ ಕೊಡಲಿಲ್ಲ. 'ಓಡಿಹೋದ ಗೂಳಿ' ಎಂದು ಹಾಕಿದ್ದಾರೆ. ಓಡಿಹೋಗುವಷ್ಟು ಕಾಲಿದ್ದಿದ್ದರೆ ಹೊರಗೆ ಬರುತ್ತಲೇ ಇರಲಿಲ್ಲವಲ್ಲ, ಮೂರ್ಖರಾ.

ರೈಲು ನಿಲ್ದಾಣದ ಎದುರಿನ ಗೋಡೆಯ ಚಿತ್ರಕ್ಕೆ ಯಾರೋ ಕಪ್ಪು ಬಣ್ಣ ಬಳಿದರಂತೆ. ಮೊಣಕಾಲಿನ ತನಕ ಬಳಿದರಂತೆ, ಅಷ್ಟೇ ಎಟುಕಿದ್ದು. ಈ ಸುದ್ದಿ ತಂದವಳು ಡಾಕ್ಟರಮ್ಮನೇ. ಹೇಳುವಾಗ ಅವಳಿಗೆ ನಗು ಬಂತು, ನನಗೂ ಬಂತು. ಇಬ್ಬರೂ ನಗುತ್ತಲೇ ಇದ್ದೆವು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವಳು ನನ್ನ ಮನೆಯಲ್ಲೇ ಊಟ ಮಾಡಿ ಹೋದಳು.

ತಮ್ಮ ನನ್ನೊಂದಿಗೆ ಮಾತಾಡುತ್ತಿಲ್ಲ. "ಸಿಟ್ಟಿದೆ. ಆದರೆ ನಿದ್ದೆ ಮಾಡ್ತಿದ್ದಾರೆ ಅತ್ತಿಗೆ. ಎಷ್ಟು ವರ್ಷ ಆಗಿತ್ತು ಹಾಗೆ ಮಲಗಿ," ಎಂದಳು.

ಜೂನ್ 3, ಮಂಗಳವಾರ

ಆಪರೇಷನ್ ಆಯಿತು. ಹೊರಗೆ ಕಬ್ಬಿಣದ ಬೆಂಚಿನ ಮೇಲೆ ನಾವಿಬ್ಬರು ಕೂತಿದ್ದೆವು. ಅವನ ಹೆಂಡತಿ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಬಾಯಿ ತೆರೆದುಕೊಂಡು ಮಲಗುತ್ತಾಳೆ. ಹಲ್ಲಿನ ಡಾಕ್ಟರಾದ್ದರಿಂದ ಹಲ್ಲೇನೋ ಚೆನ್ನಾಗಿವೆ.

ಮೂಳೆ ಡಾಕ್ಟರು ಹೊರಬಂದು, "ನಡೀತಾನೆ. ಓಡೋದು ಬೇಡ," ಎಂದರು. ನಾನು ಮತ್ತೆ ಬೆಂಚಿನ ಮೇಲೆ ಕೂತೆ.

ಎಚ್ಚರವಾದ ಮೇಲೆ ಅವನು ನನ್ನನ್ನು ನೋಡಿದ. "ಕಾರು ಎಲ್ಲಿ ನಿಲ್ಲಿಸಿದ್ದೀಯ? ರೋಡಲ್ಲಿ ಬಿಟ್ರೆ ಪೊಲೀಸ್ನೋರು ಎತ್ಕೊಂಡು ಹೋಗ್ತಾರೆ," ಅಂದ. ಮೂರು ವಾರದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಅವನ ಸಿಟ್ಟು ಹೋಗಿಲ್ಲ. ಹೋಗುವುದೂ ಬೇಡ, ಅವನದ್ದು ಅವನಿಗಿರಲಿ.

ಜೂನ್ 20, ಶುಕ್ರವಾರ

ಫೋನು ಬರುವುದಿಲ್ಲ. ಬಂದರೂ ನನಗಲ್ಲ.

ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಕಿಟ್ ಚೀಲ ಹುಡುಕುತ್ತೇನೆ. ಆಮೇಲೆ ನೆನಪಾಗುತ್ತದೆ. ಮೂರು ಸಲ ಅಡುಗೆಮನೆ ತೊಳೆದೆ. ನಿನಗೆ ನಲವತ್ತನಾಲ್ಕು ವಯಸ್ಸು ಎಂದು ಯಾರಾದರೂ ಹೇಳಿದರೆ ಯಾರಿಗೆ ಎಂದು ಕೇಳುವ ಹಾಗಾಗಿದೆ. ಸುಸ್ತು. ಏನೂ ಮಾಡದವರಿಗೆ ಇಷ್ಟು ಸುಸ್ತು ಹೇಗೆ ಬರುತ್ತದೋ.

ತಮ್ಮನನ್ನು ಟಿವಿಯವರು ಮಾತಾಡಲು ಕರೆಸಿದ್ದರು. ಹೊರದೇಶದ ಯಾವುದೋ ಆಟಕ್ಕೆ ವಿವರಣೆ ಕೊಡಬೇಕಿತ್ತು. ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಪಕ್ಕದವನು, "ನಿಮ್ಮ ಅಭಿಪ್ರಾಯ?" ಎಂದರೆ, "ಗೋಲು ಹೊಡೀಬೇಕಿತ್ತು," ಅಂದ. ಮತ್ತೆ ಕರೆಯುವ ಹಾಗೆ ಕಾಣುವುದಿಲ್ಲ.

ಜುಲೈ 7, ಸೋಮವಾರ

ಮೂಳೆ ಡಾಕ್ಟರು ಅವನಿಗೆ ದಿನಾ ನೀರಿನಲ್ಲಿ ನಡೆಯಲು ಹೇಳಿದ್ದಾರೆ. ಭಾರ ಬೀಳುವುದಿಲ್ಲವಂತೆ. ಕ್ರೀಡಾಂಗಣದ ಎದುರು ಬದಿಯಲ್ಲೇ ನಗರಸಭೆಯ ಈಜುಕೊಳವಿದೆ. ಕಾರು ಓಡಿಸುವವಳು ನಾನೇ ಆದ್ದರಿಂದ ನಾನೂ ಹೋದೆ.

ಅವನು ಆಳವಿಲ್ಲದ ಕಡೆ ಎದೆಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆದ. ಪಕ್ಕದಲ್ಲಿ ಗಾಳಿ ತುಂಬಿದ ಬಾತುಕೋಳಿ ಹಿಡಿದ ಮಕ್ಕಳು. ಯಾರೂ ಅವನನ್ನು ಗುರುತಿಸಲಿಲ್ಲ. ಗುರುತಿಸಿದರೂ ಬರೀ ಮೈಯಲ್ಲಿ ಟೋಪಿ ಹಾಕಿಕೊಂಡು ನಿಂತವನನ್ನು ಯಾರು ಬೈಯುತ್ತಾರೆ?

ನಾನು ಟವೆಲ್ಲು ಮಡಿಲಲ್ಲಿಟ್ಟುಕೊಂಡು ದಡದಲ್ಲಿ ಕೂತಿದ್ದೆ. ಅಲ್ಲಿ ಕಲಿಸುವ ಹೆಂಗಸು ಒಬ್ಬಳಿದ್ದಾಳೆ. ಬಾಗಿಲಿನಷ್ಟು ಅಗಲ, ಕುತ್ತಿಗೆಯಲ್ಲಿ ಸದಾ ಸೀಟಿ. ಎಲ್ಲರೂ ಸೀಟಿ ಮೇಡಂ ಎನ್ನುತ್ತಾರೆ. ನನ್ನ ಮುಂದೆ ಬಂದು ನಿಂತಳು.

"ನಿಮಗೇನು ಟವೆಲ್ ಕಾಯೋ ಕೆಲಸನಾ?"

"ನನಗೆ ನೀರು ಆಗಲ್ಲ."

"ಯಾರಿಗೂ ಆಗಲ್ಲ. ಅದಕ್ಕೇ ನಾನಿರೋದು. ನಾಳೆ ಬಟ್ಟೆ ತನ್ನಿ."

ತಲೆಕೆಟ್ಟಿದೆ ಅವಳಿಗೆ.

ಜುಲೈ 10, ಗುರುವಾರ

ಇಳಿದೆ. ಮೂಗಿನಲ್ಲಿ ನೀರು ಹೋಯಿತು. ಜನ್ಮದಲ್ಲಿ ಇನ್ನು ಇಳಿಯುವುದಿಲ್ಲ.

ಜುಲೈ 11, ಶುಕ್ರವಾರ

ಇಳಿದೆ.

ಜುಲೈ 21, ಸೋಮವಾರ

ತೇಲುವುದಕ್ಕೆ ಏನೂ ಮಾಡಬಾರದಂತೆ. ಸೀಟಿ ಮೇಡಂ ಬೆನ್ನ ಕೆಳಗೆ ಒಂದು ಕೈ ಕೊಟ್ಟು, "ಬಿಡಿ, ಎಲ್ಲಾ ಬಿಡಿ. ಕುತ್ತಿಗೆ ಬಿಡಿ. ಯಾರನ್ನ ಎತ್ತಿಕೊಂಡಿದ್ದೀರಿ ಹಾಗೆ ಬಿಗಿಹಿಡಿದು?" ಎನ್ನುತ್ತಾಳೆ. ಬಿಡುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ. ಕಾಲು ಕಲ್ಲಿನ ಹಾಗೆ ಮುಳುಗುತ್ತದೆ. ಇವತ್ತು ಮಾತ್ರ ಒಂದು ಗಳಿಗೆ ಕಿವಿಯೊಳಗೆ ನೀರು ತುಂಬಿ, ಏನೂ ಕೇಳಿಸದೆ, ಮೇಲಿನ ತಗಡಿನ ಚಾವಣಿ ಮಾತ್ರ ಕಾಣುತ್ತಿತ್ತು. ಅವಳು ಕೈ ತೆಗೆದಿದ್ದಳಂತೆ.

ತಮ್ಮ ತನ್ನ ನಡಿಗೆ ಬಿಟ್ಟು ನೋಡುತ್ತ ನಿಂತಿದ್ದ. "ಅಕ್ಕ, ಹೊಟ್ಟೆ ಮೇಲೆ ಎತ್ತೇ, ಹೊಟ್ಟೆ!" ಎಂದು ಕೂಗಿದ. ಎಲ್ಲರಿಗೂ ಕೇಳಿಸುವ ಹಾಗೆ. ಮನೆಗೆ ಬರುವಾಗ ಬೈದೆ.

ಅವನ ಹೆಂಡತಿ ಈಜುಡುಗೆ ತಂದುಕೊಟ್ಟಳು. ನೇರಳೆ ಬಣ್ಣ. ಈ ವಯಸ್ಸಿಗೆ ಇದಾ ಎಂದರೆ, "ನೀರೊಳಗಿರುವಾಗ ಯಾರಿಗೆ ಕಾಣುತ್ತೆ ಅತ್ತಿಗೆ?" ಅಂದಳು. ಅಳತೆ ಸರಿಯಾಗಿದೆ. ನನ್ನ ಅಳತೆ ಅವಳಿಗೆ ಹೇಗೆ ಗೊತ್ತಾಯಿತೋ, ಹುಡುಗಿ ಚುರುಕು.

ಆಗಸ್ಟ್ 1, ಶುಕ್ರವಾರ

ಕೈ ಬೀಸುವುದು ಬಂತು. ಉಸಿರು ತಪ್ಪುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ ಅರ್ಧ ಬಾಯಿಯಲ್ಲಿ ಉಸಿರು ತೆಗೆದುಕೊಳ್ಳಬೇಕು. ನಾನು ತಲೆ ಪೂರ್ತಿ ಎತ್ತಿ ನೋಡುತ್ತೇನೆ, ಆಗ ಮುಳುಗುತ್ತೇನೆ. ಅನ್ನ ಬೇಯುವಾಗ ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ತಮ್ಮನ ಮಗಳು ನೋಡಿ ಬಿದ್ದು ಬಿದ್ದು ನಕ್ಕಳು.

ಅವನು ಇವತ್ತು ಕೊಳಕ್ಕೆ ಬಂದಿದ್ದನೋ ಇಲ್ಲವೋ ನೆನಪಾಗುತ್ತಿಲ್ಲ. ಬಂದಿದ್ದ, ಹೌದು, ವಾಪಸು ಅವನೇ ಕಾರು ಓಡಿಸಿದ.

ಆಗಸ್ಟ್ 9, ಶನಿವಾರ

ಮೇಡಂ ಇವತ್ತು ಆಳದ ಕಡೆಗೆ ಕರೆದೊಯ್ದಳು. ಸಂಜೆ ಹೊತ್ತು ಕೊಳ ಖಾಲಿಯಿತ್ತು, ಏಕೆ ಎಂದು ಹೊಳೆಯಲಿಲ್ಲ. ತಮ್ಮ, ಅವನ ಹೆಂಡತಿ, ಮಗಳು ಮೂವರೂ ಬಂದು ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನನಗೆ ಹೇಳದೆ ಬಂದಿದ್ದರು.

ನಾನು ಗೋಡೆಯ ಕಂಬಿ ಹಿಡಿದು ನೇತಾಡುತ್ತಿದ್ದೆ. ಕಾಲಡಿಗೆ ಏನೂ ಇಲ್ಲ. ಎದುರು ದಡ ಬೇರೆ ಊರಿನಷ್ಟು ದೂರ ಕಂಡಿತು.

ಆಗ ರಸ್ತೆಯಾಚೆಯಿಂದ ಆ ಸದ್ದು ಬಂತು. ನೆಲದಿಂದ ಎದ್ದು ಬರುವ ಹಾಗೆ, ಸಾವಿರಾರು ಜನ ಒಟ್ಟಿಗೆ ಕೂಗಿದ ಸದ್ದು. ಕೊಳದ ನೀರು ಕೂಡ ನಡುಗಿದಂತಾಯಿತು. ಇವತ್ತು ಹೊಸ ಸೀಸನ್ನಿನ ಮೊದಲ ಆಟ. ನನಗೆ ಮರೆತೇಹೋಗಿತ್ತು.

ತಮ್ಮ ಆ ಕಡೆ ತಿರುಗಿದ. ಹಾಗೇ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತ. ಅವನ ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಗೋಲಾಯ್ತು ಅಂತ ಕಾಣುತ್ತೆ," ಅಂದ ನನಗೆ. "ಅಕ್ಕ, ನಮ್ಮೋರು ಹೊಡೆದಿದ್ದೋ, ಅವರು ಹೊಡೆದಿದ್ದೋ? ಸದ್ದು ಕೇಳಿದರೆ ನಿನಗೆ ಗೊತ್ತಾಗುತ್ತಲ್ಲ."

"ಸುಮ್ನಿರೋ, ಮಾತಾಡಿಸಬೇಡ, ಉಸಿರು ತಪ್ಪುತ್ತೆ," ಅಂದೆ.

ಮೇಡಂ ಸೀಟಿ ಊದಿದಳು. ಕಂಬಿ ಬಿಟ್ಟೆ.